ತಂಬಿಗೆಯ ಮೈಮೇಲಿನ ಬರಹ

ಪುಣೆಯ ಪೇಠೆಗಳಲ್ಲಿ ಪಾತ್ರೆ ಅಂಗಡಿಗಳ ಮುಂದೆ ಹಾಯ್ದುಹೋಗುವಾಗ ಒಂದು ನೋಟ ನಮ್ಮಲ್ಲಿ ಅನೇಕರ ಕಣ್ಣಿಗೆ ಬಿದ್ದಿರಬೇಕು. ತಕ್ಕಡಿಯ ಮೇಲೆ ಒಂದು ಹಳೆಯ ಹಿತ್ತಾಳೆಯ ತಂಬಿಗೆ, ಒಂದು ತಾಮ್ರದ ಚೊಂಬು, ನಾಲ್ಕಾರು ಸೊಟ್ಟಾದ ಲೋಟಗಳು. ಅಂಗಡಿಯವನು ತೂಕ ನೋಡಿ, ಕಿಲೋಕ್ಕೆ ಇಷ್ಟೆಂದು ಲೆಕ್ಕ ಹಾಕಿ, ಬದಲಿಗೆ ಸ್ಟೀಲಿನ ಡಬ್ಬಿಯನ್ನೋ ಕುಕ್ಕರನ್ನೋ ಕೊಡುತ್ತಾನೆ. ಹಳೆಯ ಪಾತ್ರೆಗಳು ಮೂಲೆಯ ರಾಶಿಗೆ ಬೀಳುತ್ತವೆ. ಅಲ್ಲಿಂದ ಕರಗಿಸುವ ಕುಲುಮೆಗೆ ಹೋಗುತ್ತವೆ. ಈ ವ್ಯಾಪಾರದಲ್ಲಿ ಮೋಸವೇನೂ ಇಲ್ಲ. ತಕ್ಕಡಿಗೆ ತೂಕ ತಿಳಿಯುತ್ತದೆ, ಓದು ತಿಳಿಯುವುದಿಲ್ಲ, ಅಷ್ಟೆ. ಆದರೆ ಓದು ತಿಳಿದ ನಾವೂ ಆ ಪಾತ್ರೆಯ ಮೇಲೆ ಏನಿದೆಯೆಂದು ನೋಡದೆ ಕೊಟ್ಟುಬರುತ್ತೇವಲ್ಲ, ಅದು ವಿಚಾರ ಮಾಡತಕ್ಕ ಸಂಗತಿ.

ಕುಡಿಯುವ ಪಾತ್ರೆಗಳ ಮೇಲಿನ ಚಿತ್ರವನ್ನೂ ಅಕ್ಷರವನ್ನೂ ಓದುವ ಬಗೆ ಹೇಗೆ? ಅದರಿಂದ ಏನು ತಿಳಿಯುತ್ತದೆ? ಹೆಚ್ಚು ಹಣವಿಲ್ಲದ ಗುಮಾಸ್ತನೂ ಕಾರ್ಖಾನೆಯ ಕೆಲಸಗಾರನೂ ಇಂಥ ಸಂಗ್ರಹವನ್ನು ಮಾಡಬಹುದೇ? ಈ ಮೂರು ಪ್ರಶ್ನೆಗಳಿಗೆ ಕೈಲಾದಷ್ಟು ಉತ್ತರ ಹೇಳುವುದು ಈ ಲೇಖನದ ಉದ್ದೇಶ.

ಗಾಜಿನ ಲೋಟಗಳನ್ನು ಓದಿದವರು

ಈ ವಿದ್ಯೆಯನ್ನು ಬಹಳ ಶ್ರದ್ಧೆಯಿಂದ ಬೆಳೆಸಿದವರಲ್ಲಿ ಇಂಗ್ಲೆಂಡಿನ ಹಳೆಯ ಗಾಜಿನ ಲೋಟಗಳ ಸಂಗ್ರಾಹಕರು ಸೇರುತ್ತಾರೆ. ಮೊದಲು ಅವರ ಪದ್ಧತಿಯನ್ನು ತಿಳಿದುಕೊಂಡು, ಅನಂತರ ನಮ್ಮ ಅಡಿಗೆಮನೆಗೆ ಬರೋಣ.

ಜಾರ್ಜ್ ರೇವನ್ಸ್‌ಕ್ರಾಫ್ಟ್ ಎಂಬವನು ೧೬೭೪ರಲ್ಲಿ ಹೊಸ ಬಗೆಯ ಗಾಜಿಗೆ ಸನ್ನದು ಪಡೆದನು. ಸೀಸದ ಅಂಶ ಸೇರಿಸಿ ಬೆಳೆಸಿದ ಆ ಗಾಜು ಭಾರವಾಗಿಯೂ ಹೊಳಪಾಗಿಯೂ ಇದ್ದು ಕೆತ್ತನೆಗೆ ಸುಲಭವಾಗಿ ಒಗ್ಗುತ್ತಿತ್ತು. ತಿರುಗುವ ಸಣ್ಣ ತಾಮ್ರದ ಚಕ್ರಕ್ಕೆ ಎಣ್ಣೆಯಲ್ಲಿ ಕಲಸಿದ ಕುರುಂದದ ಪುಡಿ ಹಚ್ಚಿ, ಲೋಟವನ್ನು ಅದಕ್ಕೆ ಮೆಲ್ಲಗೆ ಒತ್ತಿ ಚಿತ್ರ ಬಿಡಿಸುವುದು ಒಂದು ವಿಧಾನ. ವಜ್ರದ ಮೊನೆಯಿಂದ ಗೀರಿ ಬರೆಯುವುದು ಇನ್ನೊಂದು ವಿಧಾನ. ೧೭೪೫ರ ಕಾಯಿದೆಯಿಂದ ಅಲ್ಲಿ ಗಾಜಿನ ಮೇಲೆ ತೂಕದ ಲೆಕ್ಕದಲ್ಲಿ ಸುಂಕ ಬಿತ್ತು. ಅದು ರದ್ದಾದುದು ೧೮೪೫ರಲ್ಲಿ. ತೂಕಕ್ಕೆ ಸುಂಕವಾದುದರಿಂದ ಲೋಟಗಳು ಹಗುರಾದವು. ದಪ್ಪ ಗಾಜಿನಿಂದ ತೋರಿಸುತ್ತಿದ್ದ ಅಂದವನ್ನು ಕೆತ್ತನೆಯಿಂದ ತೋರಿಸುವ ರೂಢಿ ಬೆಳೆದುದಕ್ಕೆ ಇದೂ ಒಂದು ಕಾರಣವೆಂದು ಹೇಳುವುದುಂಟು.

ಈ ಲೋಟಗಳ ಮೇಲಿನ ಚಿತ್ರಗಳು ಮುಖ್ಯವಾಗಿ ಮೂರು ಬಗೆಯ ಮಾತನ್ನಾಡುತ್ತವೆ. ಮೊದಲನೆಯದು ಉಪಯೋಗದ ಮಾತು. ದ್ರಾಕ್ಷಿಯ ಗೊಂಚಲು ಇದ್ದರೆ ಅದು ದ್ರಾಕ್ಷಾರಸದ ಲೋಟ. ಬಾರ್ಲಿಯ ತೆನೆಯೂ ಹಾಪ್ ಎಂಬ ಬಳ್ಳಿಯ ಹೂವೂ ಇದ್ದರೆ ಅದು ಬಿಯರಿನ ಜಾತಿಯ ಪಾನೀಯಕ್ಕೆ ಮಾಡಿದ್ದು.

ಎರಡನೆಯದು ನಿಷ್ಠೆಯ ಮಾತು. ೧೬೮೮ರಲ್ಲಿ ಇಂಗ್ಲೆಂಡಿನ ಅರಸ ಎರಡನೆಯ ಜೇಮ್ಸ್ ಸಿಂಹಾಸನ ಬಿಟ್ಟು ಫ್ರಾನ್ಸಿಗೆ ಓಡಿಹೋಗಬೇಕಾಯಿತು. ಅವನ ವಂಶದವರೇ ಮರಳಿ ಪಟ್ಟಕ್ಕೆ ಬರಬೇಕೆಂದು ಬಯಸುವ ಪಕ್ಷವೊಂದು ಗುಟ್ಟಾಗಿ ಬಹಳ ಕಾಲ ಉಳಿಯಿತು. ಬಾಯಿಬಿಟ್ಟು ಹೇಳಿದರೆ ರಾಜದ್ರೋಹ. ಆದುದರಿಂದ ಆ ಪಕ್ಷದವರು ತಮ್ಮ ಲೋಟಗಳ ಮೇಲೆ ಗುಲಾಬಿಯನ್ನೂ ಪಕ್ಕಕ್ಕೆ ಒಂದೆರಡು ಮೊಗ್ಗುಗಳನ್ನೂ ಕೆತ್ತಿಸಿದರು. ಗುಲಾಬಿಯೆಂದರೆ ಇಂಗ್ಲೆಂಡಿನ ಕಿರೀಟ, ಮೊಗ್ಗುಗಳೆಂದರೆ ಪರದೇಶದಲ್ಲಿರುವ ಹಕ್ಕುದಾರರು ಎಂದು ಒಂದು ಅರ್ಥ. ಯಾವ ಮೊಗ್ಗು ಯಾರು ಎಂಬ ಬಗೆಗೆ ಪಂಡಿತರಲ್ಲಿ ಇಂದಿಗೂ ಒಮ್ಮತವಿಲ್ಲ. ಕೆಲವು ಲೋಟಗಳ ಮೇಲೆ ಓಕ್ ಮರದ ಎಲೆ ಇರುತ್ತದೆ. ಅದೇ ವಂಶದ ಎರಡನೆಯ ಚಾರ್ಲ್ಸ್ ೧೬೫೧ರಲ್ಲಿ ಯುದ್ಧದಲ್ಲಿ ಸೋತು ಓಕ್ ಮರದಲ್ಲಿ ಅಡಗಿ ಜೀವ ಉಳಿಸಿಕೊಂಡಿದ್ದನೆಂಬುದರ ನೆನಪು ಅದು. ‘ಹಾಗೇ ಆಗಲಿ’, ‘ಮರಳಿ ಬರಲಿ’ ಎಂಬ ಅರ್ಥದ ಲ್ಯಾಟಿನ್ ಶಬ್ದಗಳೂ ಕಾಣುತ್ತವೆ. ೧೭೪೬ರಲ್ಲಿ ಕಲೋಡನ್ ಎಂಬಲ್ಲಿ ಆ ಪಕ್ಷದ ಸೈನ್ಯ ಪೂರ್ತಿ ಸೋತಿತು. ಅರಸ ಮರಳಿ ಬರಲಿಲ್ಲ; ಲೋಟಗಳು ಉಳಿದವು.

ಮೂರನೆಯದು ಒಡೆತನದ ಮಾತು. ಯಾರ ಲೋಟ, ಯಾರ ಮದುವೆಯದು, ಯಾವ ವರ್ಷದ್ದು ಎಂಬ ಹೆಸರು ಮತ್ತು ಅಂಕಿಗಳು ಇದರಲ್ಲಿ ಬರುತ್ತವೆ.

ಇಲ್ಲಿಯೇ ಒಂದು ಎಚ್ಚರಿಕೆಯೂ ಇದೆ. ಗುಲಾಬಿಯ ಲೋಟಗಳಿಗೆ ಬೆಲೆ ಏರಿದ ಕೂಡಲೇ, ಹಳೆಯ ಖಾಲಿ ಲೋಟಗಳ ಮೇಲೆ ಹೊಸದಾಗಿ ಗುಲಾಬಿ ಕೆತ್ತಿ ಮಾರುವವರೂ ಹುಟ್ಟಿಕೊಂಡರು. ಲೋಟ ನಿಜವಾಗಿ ಹಳೆಯದು, ಕೆತ್ತನೆ ಮಾತ್ರ ಹೊಸದು! ಆದುದರಿಂದ ಬಲ್ಲವರು ಪಾತ್ರೆಯ ವಯಸ್ಸನ್ನೂ ಕೆತ್ತನೆಯ ವಯಸ್ಸನ್ನೂ ಬೇರೆಬೇರೆಯಾಗಿ ಪರೀಕ್ಷಿಸುತ್ತಾರೆ. ಉಪಯೋಗ, ನಿಷ್ಠೆ, ಒಡೆತನ ಎಂಬ ಮೂರು ಪ್ರಶ್ನೆಗಳೂ ಈ ಒಂದು ಎಚ್ಚರಿಕೆಯೂ ನಮಗೆ ಸಾಕು.

ನಮ್ಮ ಮನೆಗಳಲ್ಲಿ ಲೋಹವೇಕೆ?

ನಮ್ಮ ಅಜ್ಜಂದಿರ ಮನೆಗಳಲ್ಲಿ ಕೆತ್ತನೆಯ ಗಾಜಿನ ಲೋಟ ಸಿಕ್ಕುವುದು ಅಪರೂಪ. ಗಾಜು ಒಡೆಯುವ ವಸ್ತು. ಬೆಂಕಿಯಲ್ಲಿಟ್ಟು ಶುದ್ಧ ಮಾಡಲಾಗದ, ಬೂದಿ ಹುಣಸೆಹಣ್ಣು ಹಾಕಿ ತಿಕ್ಕಲಾಗದ ವಸ್ತು. ಮಡಿ ಮೈಲಿಗೆಯ ಲೆಕ್ಕದಲ್ಲೂ ಲೋಹಕ್ಕೇ ಹೆಚ್ಚಿನ ಮಾನ್ಯತೆ. ಈ ಭಾಗದಲ್ಲಿ ಗಾಜಿನ ಕೈಗಾರಿಕೆ ಬೆಳೆದುದು ಸ್ವದೇಶಿ ಚಳವಳಿಯ ಕಾಲದಲ್ಲಿ. ಒಬ್ಬೊಬ್ಬರಿಂದ ಒಂದೊಂದು ಪೈಸೆ ಕೂಡಿಸಿ ದೇಶೀಯ ಉದ್ಯಮ ಕಟ್ಟಬೇಕೆಂಬ ಅಂತಾಜಿ ದಾಮೋದರ ಕಾಳೆಯವರ ವಿಚಾರದಿಂದ ‘ಪೈಸಾ ಫಂಡ್’ ಹುಟ್ಟಿತು. ಲೋಕಮಾನ್ಯ ತಿಲಕರ ಬೆಂಬಲ ಅದಕ್ಕೆ ದೊರೆಯಿತು. ಆ ಹಣದಿಂದ ೧೯೦೮ರಲ್ಲಿ ಪುಣೆಯ ಹತ್ತಿರದ ತಳೇಗಾಂವದಲ್ಲಿ ಗಾಜಿನ ಕಾರ್ಖಾನೆ ಆರಂಭವಾಯಿತು. ಇಂದು ಲೋಕಲ್ ಗಾಡಿಯಲ್ಲಿ ತಳೇಗಾಂವದ ಕಡೆಗೆ ಕೆಲಸಕ್ಕೆ ಹೋಗುವ ನಮ್ಮವರು ಇದನ್ನು ನೆನಪಿನಲ್ಲಿಡಬೇಕು.

ಹೀಗೆ ಇಂಗ್ಲೆಂಡಿನವರಿಗೆ ಕೆತ್ತನೆಯ ಲೋಟ ಏನೋ, ನಮಗೆ ತಂಬಿಗೆ, ಚರಿಗೆ, ಪಂಚಪಾತ್ರೆಗಳು ಅದೇ ಆಗಿವೆ. ಪಾತ್ರೆಯ ಮೇಲೆ ಚಿತ್ರ ಕೆತ್ತುವ ಪದ್ಧತಿ ನಮ್ಮ ದೇಶದಲ್ಲಿ ಎಷ್ಟು ಹಳೆಯದೆಂಬುದಕ್ಕೆ ಒಂದು ಸಾಕ್ಷಿಯಿದೆ. ೧೮೫೭ರಲ್ಲಿ ಹಿಮಾಲಯದ ಕುಲು ಸೀಮೆಯಲ್ಲಿ ಸಿಕ್ಕ ಒಂದು ತಂಬಿಗೆ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿದೆ. ಅದು ಸುಮಾರು ೨೦೦೦ ವರ್ಷ ಹಳೆಯದು. ಅದರ ಹೊಟ್ಟೆಯ ಸುತ್ತ ರಥ, ಆನೆ, ಕುದುರೆ ಸವಾರರು, ವಾದ್ಯ ನುಡಿಸುವವರು ಇರುವ ಮೆರವಣಿಗೆಯನ್ನು ಕೆತ್ತಿದ್ದಾರೆ. ರಥದಲ್ಲಿರುವವನು ರಾಜಕುಮಾರ ಸಿದ್ಧಾರ್ಥನೆಂದು ಮೊದಲು ಹೇಳಿದರು. ಆಮೇಲೆ ಬೇರೆ ಅಭಿಪ್ರಾಯಗಳೂ ಬಂದವು. ಚಿತ್ರ ಎದುರಿಗೇ ಇದೆ, ಹೆಸರು ಬರೆದಿಲ್ಲ. ಆದುದರಿಂದ ವಾದ ಮುಗಿದಿಲ್ಲ. ಚಿತ್ರವನ್ನು ಓದುವವನು ಕಂಡದ್ದನ್ನು ಮೊದಲು ಹೇಳಬೇಕು, ಊಹೆಯನ್ನು ಆಮೇಲೆ ಹೇಳಬೇಕೆಂಬ ಪಾಠವನ್ನು ಆ ತಂಬಿಗೆ ಕಲಿಸುತ್ತದೆ.

ಚಿತ್ರ ಯಾವುದು, ಗುರುತು ಯಾವುದು?

ಈಗ ನಮ್ಮ ಕೈಯಲ್ಲಿರುವ ಪಾತ್ರೆಯನ್ನು ನೋಡೋಣ. ಎಲ್ಲ ಗುರುತುಗಳೂ ಅಲಂಕಾರವಲ್ಲ. ಪುಣೆಯ ಕಸಬಾ ಪೇಠೆಯ ತಾಂಬಟ ಆಳಿಯಲ್ಲಿ ನಿಂತರೆ ತಾಮ್ರ ಬಡಿಯುವ ಸದ್ದಿನಿಂದಲೇ ಇದು ತಿಳಿಯುತ್ತದೆ. ಪೇಶವೆಯರ ಕಾಲದಲ್ಲಿ ನೆಲೆಸಿದ ತ್ವಷ್ಟಾ ಕಾಸಾರ ಕುಶಲಕರ್ಮಿಗಳ ಓಣಿ ಅದು. ಅವರು ಹಂಡೆ ತಂಬಿಗೆಗಳ ಮೈತುಂಬ ಸುತ್ತಿಗೆಯಿಂದ ಸಾಲುಸಾಲಾಗಿ ಹೊಡೆಯುವ ಸಣ್ಣ ತಗ್ಗುಗಳಿಗೆ ‘ಮಾಠಾರ ಕಾಮ’ ಎನ್ನುತ್ತಾರೆ. ನೋಡುವುದಕ್ಕೆ ಅದು ಚಂದವೇ. ಆದರೆ ಅದರ ಮೊದಲ ಕೆಲಸ ತಗಡನ್ನು ಗಟ್ಟಿಮಾಡುವುದು. ಏಟು ಬಿದ್ದಷ್ಟೂ ತಾಮ್ರ ಬಿಗಿಯಾಗುತ್ತದೆ. ಅಲ್ಲಿ ಸಂಕೇತದ ಅರ್ಥ ಹುಡುಕಿದರೆ ವ್ಯರ್ಥ.

ಇನ್ನು ನಿಜವಾದ ಚಿತ್ರಗಳು. ತಂಬಿಗೆಯ ತಳದಿಂದ ಮೇಲಕ್ಕೆ ಅರಳಿದ ಎಸಳುಗಳಿದ್ದರೆ ಅದು ಕಮಲ. ಪಾತ್ರೆಯನ್ನೇ ಪೂರ್ಣಕುಂಭವೆಂದು ಭಾವಿಸಿದ ಗುರುತು. ಶಂಖ, ಚಕ್ರ, ನಾಮಗಳಿದ್ದರೆ ವೈಷ್ಣವರ ಪೂಜೆಯ ಪಾತ್ರೆ. ಲಿಂಗ, ನಂದಿ, ತ್ರಿಶೂಲಗಳಿದ್ದರೆ ಶೈವರದು. ಇಂಗ್ಲೆಂಡಿನ ಲೋಟದಲ್ಲಿ ದ್ರಾಕ್ಷಿಯೂ ಗುಲಾಬಿಯೂ ಬೇರೆಬೇರೆ ಹೇಳಿದ ಉಪಯೋಗ, ನಿಷ್ಠೆಗಳನ್ನು ನಮ್ಮ ಪಂಚಪಾತ್ರೆಯಲ್ಲಿ ಒಂದೇ ಶಂಖ ಹೇಳಿಬಿಡುತ್ತದೆ. ತಾಮ್ರ ಹಿತ್ತಾಳೆ ಎರಡನ್ನೂ ಬೆಸೆದು ಮಾಡಿದ ಪಾತ್ರೆಗೆ ‘ಗಂಗಾ-ಜಮನಿ’ ಎನ್ನುತ್ತಾರೆ. ಎರಡು ನದಿಗಳು ಬೇರೆ ಬಣ್ಣದಿಂದ ಬಂದು ಕೂಡಿ ಹರಿಯುವ ಸಂಗಮದ ನೆನಪಿನ ಹೆಸರದು. ಅಲ್ಲಿ ಲೋಹವೇ ಚಿತ್ರ.

ಆದರೆ ಒಂದೇ ಚಿತ್ರ ಎಲ್ಲ ಕಡೆಗೂ ಒಂದೇ ಅರ್ಥ ಕೊಡುವುದಿಲ್ಲ. ೧೯ನೆಯ ಶತಮಾನದ ಕೊನೆಯಲ್ಲಿ ದೇವತೆಗಳ ಮೂರ್ತಿಗಳನ್ನು ಉಬ್ಬಾಗಿ ಎಬ್ಬಿಸಿದ ಬೆಳ್ಳಿಯ ಕೆಲಸಕ್ಕೆ ಪುಣೆ ಹೆಸರಾಗಿತ್ತು. ಹೀರಪ್ಪ ಬೂಚೆನ ಎಂಬ ಪುಣೆಯ ಬೆಳ್ಳಿ ಕೆಲಸಗಾರನ ಪಾತ್ರೆಗಳನ್ನು ಇಂದಿಗೂ ಹೊರದೇಶಗಳ ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ಇಂಥ ಬಟ್ಟಲು ಲೋಟಗಳನ್ನು ಮಾಡಿಸಿಕೊಂಡವರಲ್ಲಿ ಬಹಳ ಮಂದಿ ಆಂಗ್ಲರು. ನಮ್ಮ ಮನೆಯ ಪಂಚಪಾತ್ರೆಯ ಮೇಲೆ ಇರುವ ವಿಷ್ಣು ಪೂಜೆಯ ದೇವರು; ದಂಡಿನ ಸಾಹೇಬನ ಲೋಟದ ಮೇಲೆ ಇರುವ ವಿಷ್ಣು ಹಿಂದುಸ್ಥಾನದ ನೆನಪಿಗೆ ಮಾಡಿಸಿಕೊಂಡ ಅಲಂಕಾರ. ಆದುದರಿಂದ ‘ಇದು ಯಾರ ಚಿತ್ರ?’ ಎಂದು ಕೇಳಿದರೆ ಸಾಲದು, ‘ಇದು ಯಾರಿಗಾಗಿ ಮಾಡಿದ್ದು?’ ಎಂದೂ ಕೇಳಬೇಕು.

ಹೆಸರಿನ ಅಕ್ಷರಗಳು

ಆ ಪ್ರಶ್ನೆಗೆ ಉತ್ತರ ಹೇಳುವುದು ಪಾತ್ರೆಯ ಮೇಲಿನ ಬರಹ. ಚಾಣದ ಮೊನೆಯಿಂದ ಚುಕ್ಕಿಚುಕ್ಕಿಯಾಗಿ ಹೊಡೆದ ಹೆಸರನ್ನು ನಾವೆಲ್ಲ ನೋಡಿದ್ದೇವೆ. ನಮ್ಮ ಕಡೆಯ ಬಡವರ ಮನೆಯಲ್ಲೂ ಇರುವ ಶಾಸನವೆಂದರೆ ಇದೊಂದೇ. ಇದನ್ನು ಓದುವಾಗ ಮೂರು ಅಂಶಗಳನ್ನು ಗಮನಿಸಬೇಕು.

ಒಂದು, ಕಾಲ. ‘ಶಕೆ’ ಎಂದು ಬರೆದಿದ್ದರೆ ಅದು ಶಾಲಿವಾಹನ ಶಕೆ. ಅದಕ್ಕೆ ೭೮ ಕೂಡಿಸಿದರೆ ಇಸವಿ ಬರುತ್ತದೆ. ಶಕೆ ೧೮೬೯ ಎಂದರೆ ೧೯೪೭ರ ಯುಗಾದಿಯಿಂದ ಆರಂಭವಾಗುವ ವರ್ಷ. ಜನವರಿಯಿಂದ ಯುಗಾದಿಯವರೆಗಿನ ತಿಂಗಳಾದರೆ ೭೯ ಕೂಡಿಸಬೇಕು. ಬರಿಯ ಸಂವತ್ಸರದ ಹೆಸರಿದ್ದರೆ ತೊಡಕು. ಅವು ೬೦ ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ‘ಸರ್ವಜಿತ್’ ಎಂದು ಮಾತ್ರ ಇದ್ದರೆ ಅದು ೧೮೮೭ ಇರಬಹುದು, ೧೯೪೭ ಇರಬಹುದು, ೨೦೦೭ ಕೂಡ ಇರಬಹುದು. ಪಾತ್ರೆಯ ಸವಕಳಿಯನ್ನೂ ಮನೆಯ ಹಿರಿಯರ ಮಾತನ್ನೂ ಕೂಡಿಸಿ ತೀರ್ಮಾನಿಸಬೇಕು.

ಎರಡು, ಲಿಪಿ. ಕನ್ನಡ ಮನೆತನದ ಪಾತ್ರೆಯ ಮೇಲೆ ದೇವನಾಗರಿ ಅಕ್ಷರ ಕಂಡರೆ ಗಾಬರಿಯಾಗಬೇಕಿಲ್ಲ. ಬೆಳಗಾವಿ, ಧಾರವಾಡ, ವಿಜಾಪುರ ಸೀಮೆಗಳು ೧೯೫೬ರ ನವೆಂಬರ್ ೧ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಅಲ್ಲಿಂದ ಸೋಲಾಪುರ, ಪುಣೆಗಳ ಪೇಟೆಗೆ ಬಂದು ಮದುವೆಯ ಪಾತ್ರೆ ಕೊಂಡವರು ಎಷ್ಟೋ ಮಂದಿ. ಹೆಸರು ಹೊಡೆಯುವವನಿಗೆ ಯಾವ ಅಕ್ಷರ ಬರುತ್ತಿತ್ತೋ ಅದೇ ಪಾತ್ರೆಗೆ ಬಂತು. ಮಹಾರಾಷ್ಟ್ರದ ಹಳೆಯ ಪಾತ್ರೆಗಳಲ್ಲಿ ಮೋಡಿ ಲಿಪಿಯೂ ಸಿಕ್ಕಬಹುದು. ಲಿಪಿ ಹೇಳುವುದು ಒಡೆಯನ ಮಾತೃಭಾಷೆಯನ್ನಲ್ಲ, ಹೆಸರು ಎಲ್ಲಿ ಹೊಡೆಸಿತು ಎಂಬುದನ್ನು. ಹೊಟ್ಟೆಪಾಡಿಗೆ ಊರು ಬಿಟ್ಟುಬಂದ ಕುಟುಂಬದ ದಾರಿಯನ್ನು ಹೀಗೆ ತಂಬಿಗೆಯ ಮೇಲೆ ಗುರುತಿಸಬಹುದು.

ಮೂರು, ವ್ಯಕ್ತಿ. ಕೊಟ್ಟವರು ಯಾರು, ಪಡೆದವರು ಯಾರು, ಯಾವ ಕಾರ್ಯದಲ್ಲಿ? ಇದರಲ್ಲಿ ಹೆಂಗಸರ ಹೆಸರಿಗೆ ಹೆಚ್ಚಿನ ಮಹತ್ವವಿದೆ. ಹೊಲ ಮನೆಯ ಕಾಗದಗಳಲ್ಲಿ ನಮ್ಮ ಅಜ್ಜಿಯರ ಹೆಸರು ಬಂದುದು ಕಡಮೆ. ಮಹಾರಾಷ್ಟ್ರದಲ್ಲೂ ಉತ್ತರ ಕರ್ನಾಟಕದ ಕೆಲವು ಮನೆತನಗಳಲ್ಲೂ ಮದುವೆಯ ದಿನ ವಧುವಿನ ಹೆಸರನ್ನೇ ಬದಲಿಸುವ ರೂಢಿಯಿತ್ತು. ಅಂಥವರ ಮೊದಲ ಹೆಸರು ತವರಿನಿಂದ ಬಂದ ಪಾತ್ರೆಯ ಮೇಲಲ್ಲದೆ ಬೇರೆಲ್ಲಿಯೂ ಬರವಣಿಗೆಯಲ್ಲಿ ಉಳಿಯದಿರುವುದುಂಟು.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ ನಾವು ಚಿಕ್ಕ ಮನೆಗೆ ಬಿಡಾರ ಬದಲಿಸುವಾಗ ಅಜ್ಜಿಯ ಹಿತ್ತಾಳೆಯ ತಂಬಿಗೆಯನ್ನು ತೂಕಕ್ಕೆ ಹಾಕಿ ಎರಡು ಸ್ಟೀಲಿನ ಡಬ್ಬಿ ತಂದೆವು. ಮರುವರ್ಷ ಊರಿನಿಂದ ಬಂದ ಸೋದರತ್ತೆ ಅಡಿಗೆಮನೆಯಲ್ಲಿ ಅತ್ತಿತ್ತ ನೋಡಿ, “ಅವ್ವನ ಹೆಸರಿನ ತಂಬಿಗಿ ಎಲ್ಲೈತಿ?” ಎಂದು ಕೇಳಿದಳು. ಕೊಟ್ಟೆವೆಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದರ ಮ್ಯಾಲ ಆಕಿ ತವರಮನಿ ಹೆಸರಿತ್ತು” ಎಂದಳು. ಏನು ಹೆಸರೆಂದು ಕೇಳಿದೆ. “ನನಗೇನು ಗೊತ್ತೋ ತಮ್ಮಾ? ನನಗ ಓದಾಕ ಬರಂಗಿಲ್ಲ. ನೀವು ಓದಿದವರು, ನೋಡಿರತೀರಿ ಅಂತ ತಿಳಿದಿದ್ದೆ” ಎಂದಳು. ದಿನಾಲು ಕಚೇರಿಯಲ್ಲಿ ನೂರಾರು ಕಾಗದ ಓದುವ ನಾನು ಆ ತಂಬಿಗೆಯನ್ನು ಒಮ್ಮೆಯೂ ಓದಿರಲಿಲ್ಲ. ಆ ಹೆಸರು ಏನೆಂದು ಹೇಳುವವರು ಈಗ ನಮ್ಮ ಮನೆತನದಲ್ಲಿ ಯಾರೂ ಉಳಿದಿಲ್ಲ.

ಸಂಗ್ರಹ ಆರಂಭಿಸುವ ಬಗೆ

ಸಂಗ್ರಹಕ್ಕೆ ಶ್ರೀಮಂತಿಕೆ ಬೇಕಿಲ್ಲ. ಒಂದು ವಹಿ, ಒಂದು ಪೆನ್ಸಿಲು, ತೆಳುವಾದ ಕಾಗದ ಸಾಕು. ಪಾತ್ರೆಯ ಬರಹದ ಮೇಲೆ ಕಾಗದ ಬಿಗಿಹಿಡಿದು, ಪೆನ್ಸಿಲಿನ ಮೊನೆಯನ್ನು ಮಲಗಿಸಿ ಮೆಲ್ಲಗೆ ಉಜ್ಜಿದರೆ ಅಕ್ಷರವೂ ಚಿತ್ರವೂ ಮೂಡುತ್ತವೆ. ಸವೆದ ಅಕ್ಷರ ಕಾಣದಿದ್ದರೆ ದೀಪವನ್ನು ಒಂದು ಮಗ್ಗುಲಿನಿಂದ ಹಿಡಿದು ನೋಡಬೇಕು. ಎದುರು ಬೆಳಕಿನಲ್ಲಿ ಅಡಗಿದ ಗೀರು ಓರೆ ಬೆಳಕಿನಲ್ಲಿ ಏಳುತ್ತದೆ. ವಹಿಯಲ್ಲಿ ಪಾತ್ರೆಯ ಲೋಹ, ಆಕಾರ, ಎತ್ತರ, ತೂಕ, ಚಿತ್ರ, ಬರಹ, ಅದು ಮನೆಗೆ ಬಂದ ಬಗೆ ಇವನ್ನು ಬರೆದಿಡಬೇಕು. ಹಿರಿಯರು ಹೇಳಿದ ಮಾತನ್ನು ‘ಇಂಥವರು ಹೇಳಿದ್ದು’ ಎಂದು ಬೇರೆಯಾಗಿ ಗುರುತಿಸಬೇಕು. ಪಾತ್ರೆಯನ್ನು ಇಟ್ಟುಕೊಳ್ಳಲು ಮನೆಯಲ್ಲಿ ಜಾಗವಿಲ್ಲದಿದ್ದರೂ ಈ ಒಂದು ಪುಟಕ್ಕೆ ಜಾಗವಿದ್ದೇ ಇರುತ್ತದೆ.

ಇಟ್ಟುಕೊಳ್ಳುವವರು ಯಂತ್ರದಿಂದ ಪಾಲಿಶ್ ಮಾಡಿಸಬಾರದು. ಹುಣಸೆಹಣ್ಣು, ಇಟ್ಟಿಗೆಯ ಪುಡಿ ಹಾಕಿ ಬಲವಾಗಿ ತಿಕ್ಕುತ್ತಾ ಹೋದರೆ ಕೆತ್ತನೆ ವರ್ಷವರ್ಷಕ್ಕೆ ಸವೆಯುತ್ತದೆ. ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಒಳಗೆ ಕಲಾಯಿ ಹೋದ ತಾಮ್ರ ಹಿತ್ತಾಳೆಗಳಲ್ಲಿ ಮಜ್ಜಿಗೆ, ಹುಳಿ ಇಡಬಾರದು.

ಜುನಾ ಬಾಜಾರದಂಥ ಹಳೆಯ ಸಾಮಾನಿನ ಸಂತೆಯಲ್ಲಿ ಕೊಳ್ಳುವವರಿಗೆ ಎರಡು ಮಾತು. ಹಳೆಯ ಕೆತ್ತನೆಯ ಅಂಚು ಬೆರಳಿಗೆ ಮೆತ್ತಗೆ ತಾಗುತ್ತದೆ. ಪಾತ್ರೆಯ ಹೊಟ್ಟೆ ಸವೆದು ಕೆತ್ತನೆಯ ಅಂಚು ಮಾತ್ರ ಚೂಪಾಗಿದ್ದರೆ ಸಂಶಯಪಡಬೇಕು. ಗಾಜಿನ ಲೋಟವಾದರೆ ಮೈಮೇಲೆ ಅಚ್ಚಿನ ಗೆರೆ ಇದೆಯೇ ನೋಡಬೇಕು. ಇದ್ದರೆ ಲೋಟ ಅಚ್ಚಿನಲ್ಲಿ ಆದದ್ದು, ಅದರ ಹೂಬಳ್ಳಿಯೂ ಅಚ್ಚಿನಲ್ಲೇ ಒತ್ತಿದ್ದಿರಬಹುದು. ದೇವಸ್ಥಾನದ ಹೆಸರಿರುವ ಪಾತ್ರೆಯನ್ನು ಯಾರು ತಂದರೂ ಕೊಳ್ಳಬಾರದು. ೧೯೭೨ರ ಪುರಾತನ ವಸ್ತುಗಳ ಕಾಯಿದೆಯಂತೆ ನೂರು ವರ್ಷ ಮೀರಿದ ಕಲಾವಸ್ತುವನ್ನು ಅನುಮತಿಯಿಲ್ಲದೆ ದೇಶದ ಹೊರಗೆ ಸಾಗಿಸುವಂತಿಲ್ಲ ಎಂಬುದೂ ತಿಳಿದಿರಲಿ.

ಒಬ್ಬನ ಶ್ರದ್ಧೆಯಿಂದ ಆದದ್ದು

ಮನೆಬಳಕೆಯ ಸಾಮಾನಿನಲ್ಲಿ ಸಂಗ್ರಹಿಸುವಂಥದೇನಿದೆ ಎಂದು ಕೇಳುವವರು ಒಂದು ಬಿಡುವಿನ ದಿನ ಬಾಜೀರಾವ್ ರಸ್ತೆಯ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯಕ್ಕೆ ಹೋಗಿಬರಬೇಕು. ದಿನಕರ ಗಂಗಾಧರ ಕೇಳಕರರು (೧೮೯೬–೧೯೯೦) ‘ಅಜ್ಞಾತವಾಸಿ’ ಎಂಬ ಹೆಸರಿನಿಂದ ಮರಾಠಿಯಲ್ಲಿ ಕವಿತೆ ಬರೆದವರು. ೧೯೨೦ರ ಸುಮಾರಿಗೆ ಆರಂಭಿಸಿ, ಪತ್ನಿಯ ನೆರವಿನಿಂದ ಊರೂರು ತಿರುಗಿ ಅವರು ಕೂಡಿಸಿದ್ದು ದೀಪ, ಅಡಕತ್ತರಿ, ತಂಬಿಗೆ, ಬಾಚಣಿಗೆ, ಬಾಗಿಲು, ವಾದ್ಯ ಮೊದಲಾದವುಗಳನ್ನು. ಬಾಲ್ಯದಲ್ಲೇ ತೀರಿಹೋದ ಮಗ ರಾಜಾನ ಹೆಸರನ್ನು ಸಂಗ್ರಹಕ್ಕೆ ಇಟ್ಟರು. ಸಂಗ್ರಹ ಸುಮಾರು ೨೦,೦೦೦ ವಸ್ತುಗಳಿಗೆ ಬೆಳೆಯಿತು. ಅದನ್ನು ಅವರು ಮಹಾರಾಷ್ಟ್ರ ಸರ್ಕಾರಕ್ಕೆ ದಾನವಾಗಿ ಕೊಟ್ಟರು. ಅರಮನೆಯ ಒಡವೆಗಳನ್ನು ಕಾಯುವವರು ಬಹಳ ಮಂದಿ ಇದ್ದರು; ಅಡಿಗೆಮನೆಯ ಒಡವೆಗಳನ್ನು ಕಾಯಲು ಕೇಳಕರರಂಥವರು ಬೇಕಾಯಿತು.

ನಮ್ಮ ತಂಬಿಗೆಯ ಬೆಲೆಯನ್ನು ಹೊರಗಿನವರೂ ಕಂಡಿದ್ದಾರೆ. ಅಮೆರಿಕದ ವಿನ್ಯಾಸಕಾರ ದಂಪತಿಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ ೧೯೫೮ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಈ ದೇಶದಲ್ಲಿ ತಾವು ಕಂಡು ಮೆಚ್ಚಿದ ವಸ್ತುಗಳಲ್ಲಿ ಲೋಟಾ ಎಂಬ ಸಾಮಾನ್ಯ ತಂಬಿಗೆಗೆ ಬಹಳ ದೊಡ್ಡ ಸ್ಥಾನ ಕೊಟ್ಟರು. ಆ ವರದಿಯ ಹಿನ್ನೆಲೆಯಲ್ಲೇ ೧೯೬೧ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮ ವಿಷಯದಲ್ಲಿ ಇನ್ನು ಸುಳ್ಳಾಗಬೇಕು.

ವಾಚಕರಲ್ಲಿ ಒಂದೇ ಬಿನ್ನಹ. ಹಳೆಯ ಪಾತ್ರೆ ಮಾರಬೇಡಿರೆಂದು ಹೇಳುವುದಿಲ್ಲ. ಕಷ್ಟಕಾಲಕ್ಕೆ ಆಗಲೆಂದೇ ಹಿರಿಯರು ಅದನ್ನು ಕೂಡಿಟ್ಟರು. ತಕ್ಕಡಿಗೆ ಹಾಕುವ ಮೊದಲು ಒಮ್ಮೆ ಬೆಳಕಿಗೆ ಹಿಡಿದು ಓದಿರಿ, ಕಾಗದದ ಮೇಲೆ ಉಜ್ಜಿ ತೆಗೆದುಕೊಳ್ಳಿರಿ. ಓದಲು ತೊಡಕಾದರೆ ಆ ಕಾಗದವನ್ನು ವಾಚನಾಲಯಕ್ಕೆ ತನ್ನಿರಿ. ಮೋಡಿ ಬಲ್ಲವರು, ಹಳೆಯ ಕನ್ನಡದ ಬರವಣಿಗೆ ಬಲ್ಲವರು ನಮ್ಮಲ್ಲೇ ಇರಬಹುದು. ಕೂಡಿ ಕುಳಿತು ಓದೋಣ. ಊರಿಗೆ ಹೋದಾಗ ಅಟ್ಟದ ಮೇಲಿನ ಪಾತ್ರೆಗಳನ್ನು ಇಳಿಸಿ, ಓದು ಬಾರದ ಹಿರಿಯರಿಗೆ ಅವುಗಳ ಮೇಲಿನ ಹೆಸರನ್ನು ಓದಿ ಹೇಳಿರಿ. ಅವರು ಅದನ್ನು ಬಹಳ ದಿನಗಳಿಂದ ಕಾಯುತ್ತಿರಬಹುದು.